ಮೊದಲ ಸೀಸೆ

ಮೂಗು ಕಟ್ಟಿದವನ ಕೈಗೆ ಪರಿಮಳದ ಉಸ್ತುವಾರಿ ಕೊಟ್ಟರೆ ಏನಾಗುತ್ತದೆ ಎಂದು ಯಾರಿಗಾದರೂ ನೋಡಬೇಕೆನಿಸಿದ್ದರೆ ನಮ್ಮ ಸಂಸ್ಥೆಗೆ ಬರಬಹುದಿತ್ತು. ನಮ್ಮ ನಿರ್ದೇಶಕರಿಗೆ ವರ್ಷದ ಹನ್ನೆರಡು ತಿಂಗಳೂ ನೆಗಡಿ. ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದು ಕೈಯಲ್ಲಿ ಪರದೆಗೆ ಕೆಂಪು ಬೆಳಕು ಬಿಡುವ ಕಡ್ಡಿ. ಎದುರಿಗೆ ಎಲ್ಲರೂ ಸರ್ ಎನ್ನುತ್ತಿದ್ದರು. ಯಂತ್ರದ ರೂಮಿನಲ್ಲಿ, ನನ್ನ ಬಾಯಲ್ಲಿ, ಅವರ ಹೆಸರು ಕರ್ಚೀಫು.

ಆ ಯಂತ್ರದ ರೂಮಿನವಳು ನಾನು. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಕಿಟಕಿಯಾಚೆ ಅದೇ ಸೈಕಲ್ ಸ್ಟ್ಯಾಂಡು. ನನ್ನನ್ನು ಎಲ್ಲರೂ ಯಂತ್ರದಮ್ಮ ಎನ್ನುತ್ತಿದ್ದರು. ಓದಿದವರ ಸಂಸ್ಥೆಯಲ್ಲಿ ಓದು ಕಡಿಮೆ ಇದ್ದವಳು ನಾನೊಬ್ಬಳೇ. ಅದಕ್ಕೇ ಇರಬೇಕು, ಅವರ ಅವಿವೇಕ ನನಗೆ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಕಂಡಿದ್ದನ್ನು ನಾನು ಮುಚ್ಚಿಟ್ಟುಕೊಳ್ಳುವವಳೂ ಅಲ್ಲ. ನನ್ನ ಗಂಡ ಹೇಳುವ ಪ್ರಕಾರ ನನ್ನ ಮುಖವೇ ಒಂದು ಬೈಗುಳ.

ಸಂಸ್ಥೆಯ ಕೆಲಸ ಕೇಳುವುದಕ್ಕೇನೋ ಚಂದ. ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವ ಒಂದು ಗಿಡ, ಅದರ ಬೇರಿನಲ್ಲಿ ಒಂದು ಪರಿಮಳ. ಬೇರು ಬಲಿಯಲು ಏಳು ವರ್ಷ ಬೇಕು, ಅಗೆದರೆ ಗಿಡವೇ ಹೋಯಿತು. ಪರಿಮಳ ಮಾಡುವ ಆ ಗಿಡದ ವಿದ್ಯೆಯನ್ನು, ಅಂದರೆ ಅದರ ಜೀನುಗಳನ್ನು, ಬ್ರೆಡ್ಡು ಉಬ್ಬಿಸುವ ಯೀಸ್ಟಿನೊಳಗೆ ಸೇರಿಸಿದರೆ, ಯೀಸ್ಟು ಸಕ್ಕರೆ ತಿಂದು ಏಳೇ ದಿನದಲ್ಲಿ ಅದೇ ಪರಿಮಳ ಬಿಡುತ್ತದೆ. ಬೆಟ್ಟವೂ ಉಳಿಯಿತು, ಸೋಪಿನ ಕಂಪನಿಗೆ ಸಾಮಾನೂ ಸಿಕ್ಕಿತು.

ಆದರೆ ಯೀಸ್ಟಿಗೂ ಒಂದು ಸಂಸಾರವಿದೆ. ಪರಿಮಳಕ್ಕೆ ಬೇಕಾದ ಕಚ್ಚಾ ಮಾಲಿನಿಂದಲೇ ಅದು ತನ್ನ ಮೈಯ ಗೋಡೆಗೆ ಬೇಕಾದ ಕೊಬ್ಬನ್ನೂ ಮಾಡಿಕೊಳ್ಳುತ್ತದೆ. ಆ ಮಾಲಿನಲ್ಲಿ ಎಷ್ಟನ್ನು ನಮ್ಮ ಕಡೆ ತಿರುಗಿಸಬೇಕು, ಎಷ್ಟನ್ನು ಅದಕ್ಕೇ ಬಿಡಬೇಕು ಅನ್ನುವುದೇ ಇಡೀ ವಿದ್ಯೆ. ಕರ್ಚೀಫು ಬಿಡುವ ಪೈಕಿಯಲ್ಲ. ಒಂದರ ಮೇಲೊಂದು ಜೀನು ತುರುಕಿ, ಕೊಬ್ಬಿನ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಯೇ ಬಿಟ್ಟಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗಿತ್ತು ಅವರ ಯೀಸ್ಟಿನ ಗತಿ. ಬೇರೆಯವರ ಫ್ಲಾಸ್ಕಿನಲ್ಲಿ ಹಾಲಿನ ಹಾಗೆ ದಟ್ಟವಾಗಿ ಬೆಳೆಯುವ ಜೀವ, ಅವರ ಫ್ಲಾಸ್ಕಿನಲ್ಲಿ ತಿಳಿ ಗಂಜಿಯಂತೆ ತಳ ಹಿಡಿದು ಕೂತಿರುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ರಾಜತಳಿ.

ಅದರ ಮುಚ್ಚಳ ತೆಗೆದರೆ ಹುಳಿ ಬ್ರೆಡ್ಡಿನ ವಾಸನೆ ಬರುತ್ತಿತ್ತು, ಅಷ್ಟೇ. ಅಷ್ಟಾದರೂ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕರ್ಚೀಫು ಫ್ಲಾಸ್ಕನ್ನು ಎಲ್ಲರ ಮೂಗಿನ ಕೆಳಗೆ ಹಿಡಿದು "ಹೇಗಿದೆ?" ಎಂದರೆ, ಎಂಟೂ ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವರಿಗೂ ಒಂದು ನೆಪವಿತ್ತು. ಮೂಗು ಏನಾದರೂ ಹೇಳಲಿ, ಯಂತ್ರದ ಅಂಕಿ ಪ್ರತಿ ವಾರ ರಾಜತಳಿಯೇ ಮುಂದೆ ಎನ್ನುತ್ತಿತ್ತು. ಯಂತ್ರ ಸುಳ್ಳು ಹೇಳುತ್ತದೆಯೇ?

ಆ ಅಂಕಿ ಹುಟ್ಟುತ್ತಿದ್ದುದು ಹೀಗೆ. ಪ್ರತಿ ಮಂಗಳವಾರ ನಿರ್ದೇಶಕರೂ ಸೇರಿ ಒಂಬತ್ತು ಜನ ತಮ್ಮ ತಮ್ಮ ಫ್ಲಾಸ್ಕಿನ ಮೇಲೆ ತೇಲುವ ಎಣ್ಣೆಯ ಪದರದಿಂದ ಒಂದೊಂದು ಪುಟ್ಟ ಸೀಸೆ ತುಂಬಿಸಿ ನನಗೆ ಕೊಡುತ್ತಿದ್ದರು. ಯೀಸ್ಟು ಬಿಟ್ಟ ಪರಿಮಳ ಆ ಎಣ್ಣೆಯಲ್ಲಿ ಕರಗಿರುತ್ತದೆ. ಯಂತ್ರದ ಸೂಜಿ ಸೀಸೆಯಿಂದ ಒಂದು ತೊಟ್ಟು ಹೀರಿ, ಕಾಯಿಸಿ, ಉದ್ದನೆಯ ಕೊಳವೆಯೊಳಗೆ ಓಡಿಸುತ್ತದೆ. ಪರಿಮಳ ಹೊರಬರುವ ಗಳಿಗೆಗೆ ಕಾಗದದ ಮೇಲೆ ಒಂದು ಗುಡ್ಡ ಮೂಡುತ್ತದೆ. ಗುಡ್ಡ ದೊಡ್ಡದಿದ್ದಷ್ಟೂ ಪರಿಮಳ ಹೆಚ್ಚು. ಒಂದು ಸೀಸೆಗೆ ಒಂದು ಗಂಟೆ. ಎಲ್ಲಕ್ಕಿಂತ ಮೊದಲು ಮಾದರಿ ಸೀಸೆಯನ್ನು ಓಡಿಸಬೇಕು. ಅದರಲ್ಲಿ ಪೇಟೆಯಿಂದ ತಂದ ಅಸಲಿ ಪರಿಮಳ, ಇಂತಿಷ್ಟು ಎಂದು ಗೊತ್ತಿರುವ ಅಳತೆಯಲ್ಲಿ ಇರುತ್ತದೆ. ಉಳಿದವರ ಗುಡ್ಡಗಳನ್ನು ಅದರ ಗುಡ್ಡದ ಪಕ್ಕ ಇಟ್ಟು ಅಳೆಯಬೇಕು.

ಮಾದರಿಯ ನಂತರ ಯಾರ ಸೀಸೆ? ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನಮ್ಮಲ್ಲಿ ದೊಡ್ಡವರದು ಮೊದಲು. ನಿರ್ದೇಶಕರದು ಸೀಸೆ ಜೋಡಿಸುವ ತಟ್ಟೆಯ ಮೊದಲ ಗುಳಿಯಲ್ಲಿ, ಆಮೇಲೆ ಹುದ್ದೆಯ ಪ್ರಕಾರ, ತೀರಾ ಹೊಸಬರದು ಕಟ್ಟಕಡೆಗೆ. ಮದುವೆಮನೆಯಲ್ಲಿ ಪಂಕ್ತಿಗೆ ಕೂರಿಸಿದ ಹಾಗೆ. ಈ ಪದ್ಧತಿ ಮಾಡಿದವಳು ನಾನೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ "ಹನ್ನೊಂದು ಗಂಟೆಯ ಮೀಟಿಂಗಿಗೆ ನನ್ನ ಅಂಕಿ ಕೈಯಲ್ಲಿರಬೇಕಮ್ಮಾ" ಎಂದು ಕರ್ಚೀಫು ಹೇಳಿದ್ದರು. ಎಂಟೂವರೆಗೆ ಮಾದರಿ ಶುರುಮಾಡಿದರೆ ಒಂಬತ್ತೂವರೆಗೆ ಮುಗಿಯುತ್ತದೆ. ಅದಾದ ಮೇಲೆ ಬರೀ ಎಣ್ಣೆಯ ಸೀಸೆಯೊಂದನ್ನು ಓಡಿಸಿ ಸೂಜಿ ತೊಳೆಯಬೇಕೆಂದು ನಿಯಮವಿದೆ. ತೊಳೆದರೆ ಹನ್ನೊಂದಕ್ಕೆ ಅಂಕಿ ಸಿಗುವುದಿಲ್ಲ. ನಾನು ತೊಳೆಯುವುದನ್ನು ಬಿಟ್ಟೆ. ಅವರು ಮೀಟಿಂಗಿನಲ್ಲಿ ಎಲ್ಲರೆದುರು "ಯಂತ್ರದಮ್ಮನ ಕೈ ಬಹಳ ಚುರುಕು" ಎಂದು ಹೊಗಳಿದರು. ನಾನು ಉಬ್ಬಿದೆ. ಹೊಗಳಿಕೆಗೆ ಬೀಳುವವರನ್ನು ಕಂಡರೆ ನನಗಾಗದು ಎಂದುಕೊಂಡೇ ಬಿದ್ದೆ.

ಕಟ್ಟಕಡೆಯ ಗುಳಿಯ ಸೀಸೆ ಮೂರು ವರ್ಷದಿಂದ ನನ್ನ ನಾದಿನಿಯದು.

ಹೌದು, ಸ್ವಂತ ನಾದಿನಿ, ನನ್ನ ಗಂಡನ ಕೊನೇ ತಂಗಿ. ಓದು ಮುಗಿಸಿ ಮೂರು ವರ್ಷದ ಕರಾರಿನ ಮೇಲೆ ನಮ್ಮ ಸಂಸ್ಥೆಗೇ ಬಂದು ಸೇರಿದಳು. ನಮ್ಮ ಮನೆಗೇ ಬಂದು ಇಳಿದಳು. ನಾನು ಕನ್ನಡಿ ಹಾಕಿಸಿ, ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಸಣ್ಣ ರೂಮು ಅವಳ ಪಾಲಾಯಿತು. ಹೊಲಿಗೆ ಯಂತ್ರ ಬಾಲ್ಕನಿಗೆ ಹೋಗಿ ತುಕ್ಕು ಹಿಡಿಯಿತು. ಒದ್ದೆ ಟವೆಲು ಮಂಚದ ಮೇಲೆ, ಚಪ್ಪಲಿ ಒಂದು ಇಲ್ಲಿ ಒಂದು ಅಲ್ಲಿ, ಊಟಕ್ಕೆ ಕೂತರೆ ಯೀಸ್ಟಿನ ಪುರಾಣ. ಗಂಡನ ಹತ್ತಿರ ದೂರಿದರೆ ಅವನು "ಅವಳೂ ಚಿಕ್ಕವಳು, ನೀನೂ ಸುಸ್ತಾಗಿರ್ತೀಯ" ಎಂದು ಅಡ್ಡಗೋಡೆ ಮೇಲೆ ದೀಪ ಇಡುತ್ತಿದ್ದ. ಅವನದು ಕನ್ನಡಕದ ಅಂಗಡಿ. ಊರಿಗೆಲ್ಲ ದೃಷ್ಟಿ ಸರಿಮಾಡುವವನಿಗೆ ಮನೆಯೊಳಗಿನದು ಕಾಣದು.

"ಅತ್ತಿಗೆ, ನಾನು ಕೊಬ್ಬಿನ ದಾರಿ ಮುಚ್ಚಲ್ಲ. ಬರೀ ನಲ್ಲಿ ಸ್ವಲ್ಪ ತಿರುಗಿಸ್ತೀನಿ. ಅದೂ ಯೀಸ್ಟು ಬೆಳೆದು ದೊಡ್ಡದಾದ ಮೇಲೆ" ಎಂದು ಅವಳು ಒಂದು ದಿನ ಚಮಚ ಅಲ್ಲಾಡಿಸುತ್ತ ವಿವರಿಸಿದಳು. "ಮೊದ್ಲು ಅದು ಹೊಟ್ಟೆ ತುಂಬಾ ತಿನ್ಲಿ. ಆಮೇಲೆ ನಮಗೆ ದುಡೀಲಿ."

"ನಿನ್ನ ಹಾಗೆ ಅನ್ನು. ತಿನ್ನೋದಂತೂ ಮುಗೀತಾ ಬಂತು, ದುಡಿಯೋದು ಯಾವಾಗ?" ಎಂದೆ. ಅವಳು ನಕ್ಕಳು. ನನ್ನ ಮಾತಿಗೆ ಬೇಜಾರಾಗದ ಜೀವ ಅದೊಂದೇ. ಅದೂ ಒಂದು ಸಿಟ್ಟು ನನಗೆ.

ಈ ವರ್ಷ ಸೋಪಿನ ಕಂಪನಿಯವರು ಪಟ್ಟು ಹಿಡಿದರು. ಅಂಕಿ ಸಾಕು, ಸಾಮಾನು ತೋರಿಸಿ ಎಂದರು. ಹಿತ್ತಲಿನ ಶೆಡ್ಡಿನಲ್ಲಿ ಸಾವಿರ ಲೀಟರಿನ ಉಕ್ಕಿನ ಟ್ಯಾಂಕು ಬಂದು ಕೂತಿತು. ಅದಕ್ಕೆ ಒಂದೇ ತಳಿ ಹೋಗಬೇಕು, ಉಳಿದವುಗಳನ್ನು ಶೀತಪೆಟ್ಟಿಗೆಯಿಂದ ತೆಗೆದು ಕುದಿಸಿ ಚೆಲ್ಲಬೇಕು, ಆಯ್ಕೆಯಾಗದ ತಳಿಯವರ ಕರಾರು ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಕರ್ಚೀಫು ಪ್ರಕಟಿಸಿದರು. ಉಳಿದವರದೆಲ್ಲ ಕಾಯಂ ಕೆಲಸ. ಕರಾರಿನವಳು ನನ್ನ ನಾದಿನಿ ಒಬ್ಬಳೇ. ಅಂದರೆ ಈ ಪ್ರಕಟಣೆಯ ಪೆಟ್ಟು ಅವಳೊಬ್ಬಳಿಗೇ. ಹಿಂದಿನ ಮಂಗಳವಾರದ ಅಂಕಿ ಆಗಲೇ ಬಂದಿತ್ತು. ರಾಜತಳಿ ನಲವತ್ತು, ನಾದಿನಿಯದು ಮೂವತ್ತೊಂದು, ಉಳಿದದ್ದು ಲೆಕ್ಕಕ್ಕಿಲ್ಲ. ಮುಂದಿನ ಶುಕ್ರವಾರ ಆಯ್ಕೆಯ ಮೀಟಿಂಗು, ಬರೀ ಹೆಸರಿಗೆ.

ಆ ವಾರ ಕರ್ಚೀಫು ಎಲ್ಲೋ ಭಾಷಣಕ್ಕೆ ಹೋಗಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಂಗಳವಾರ ಅವರ ಸೀಸೆ ಬರಲಿಲ್ಲ. ತಟ್ಟೆಯ ಮೊದಲ ಗುಳಿ ಖಾಲಿ ಇದ್ದರೆ ಈ ಯಂತ್ರ ನಿಂತು ಕಿರುಚುತ್ತದೆ. ಎರಡನೆಯವರ ಸೀಸೆಯನ್ನು ಅಲ್ಲಿಗೆ ಜರುಗಿಸಬಹುದಿತ್ತು. ಆದರೆ ನಿರ್ದೇಶಕರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ನನ್ನ ಕೈ ಬರಲಿಲ್ಲ. ಇಷ್ಟೆಲ್ಲ ಬೈಯುವ ನನ್ನ ಕೈ. ಬರೀ ಎಣ್ಣೆ ತುಂಬಿದ ಸೀಸೆಯೊಂದನ್ನು ಅಲ್ಲಿಟ್ಟು ಟೀ ಕುಡಿಯಲು ಹೋದೆ.

ಹತ್ತೂವರೆಗೆ ಬಂದು ನೋಡಿದರೆ ಕಾಗದದ ಮೇಲೆ ಗುಡ್ಡ ನಿಂತಿತ್ತು. ನಲವತ್ತು.

ನನಗೆ ಮೊದಲು ನಗು ಬಂತು. ಯೀಸ್ಟೂ ಇಲ್ಲ, ಜೀನೂ ಇಲ್ಲ, ಸಕ್ಕರೆಯೂ ಇಲ್ಲ. ಬರೀ ಎಣ್ಣೆ ರಾಜತಳಿಯ ಸಮಕ್ಕೆ ಪರಿಮಳ ಮಾಡಿದೆ! ನಗುತ್ತ ಕುರ್ಚಿಯಲ್ಲಿ ಕೂತೆ. ಕೂತ ಮೇಲೆ ನಗು ನಿಂತಿತು.

ಈ ಪರಿಮಳ ಅಂಟುವ ಜಾತಿಯದು. ಮಾದರಿ ಸೀಸೆಯಲ್ಲಿ ಅದ್ದಿದ ಸೂಜಿಗೆ, ಸೂಜಿ ಚುಚ್ಚುವ ಬಾಯಿಗೆ, ನೂರಕ್ಕೆ ಎರಡು ಪಾಲಷ್ಟು ಅಂಟಿಕೊಂಡು ಉಳಿಯುತ್ತದೆ. ತೊಳೆಯದೆ ಮುಂದಿನ ಸೀಸೆ ಓಡಿಸಿದರೆ ಉಳಿದದ್ದು ಆ ಸೀಸೆಯ ಲೆಕ್ಕಕ್ಕೆ ಹೋಗುತ್ತದೆ. ಅದರ ಮುಂದಿನದಕ್ಕೆ ಏನೂ ಉಳಿದಿರುವುದಿಲ್ಲ. ಯಾರು ಮೊದಲು ಕೂತರೆ ಅವರಿಗೆ ಪುಕ್ಕಟೆ ಪರಿಮಳ. ಬುಧವಾರ ಎಲ್ಲರಿಗಿಂತ ಮುಂಚೆ ಬಂದು, ಶೀತಪೆಟ್ಟಿಗೆಯಲ್ಲಿದ್ದ ಹಿಂದಿನ ವಾರದ ರಾಜತಳಿಯ ಸೀಸೆಯನ್ನೇ ತೆಗೆದು, ಮಾದರಿಯ ನಂತರ ಎರಡು ಸಲ ತೊಳೆದು ಓಡಿಸಿದೆ. ಗುಡ್ಡವಿರಲಿ, ದಿಬ್ಬವೂ ಏಳಲಿಲ್ಲ. ಒಂದು. ಬರೀ ಒಂದು. ಅದೇ ಶಿಸ್ತಿನಲ್ಲಿ ನಾದಿನಿಯ ಸೀಸೆ ಓಡಿಸಿದೆ. ಮೂವತ್ತೊಂದು.

ಮಧ್ಯಾಹ್ನ ಊಟ ಬಿಟ್ಟು ಹಳೆಯ ಕಾಗದಗಳನ್ನು ತೆಗೆದೆ. ನಾನು ಸೇರಿದಾಗ ಮಾದರಿಯ ಅಳತೆ ಐನೂರು, ಆಗ ರಾಜತಳಿ ಹತ್ತು. "ಪರದೆ ಮೇಲೆ ಗುಡ್ಡ ಚೆನ್ನಾಗಿ ಕಾಣಲ್ಲಮ್ಮಾ" ಎಂದು ಅವರು ಮಾದರಿಯನ್ನು ಸಾವಿರಕ್ಕೆ ಏರಿಸಿದ ವರ್ಷ ರಾಜತಳಿ ಇಪ್ಪತ್ತು. ಎರಡು ಸಾವಿರಕ್ಕೆ ಏರಿಸಿದ ವರ್ಷ ನಲವತ್ತು. ಅವರ ಹನ್ನೊಂದು ವರ್ಷದ ಸಂಶೋಧನೆ, ಭಾಷಣ, ಗೋಡೆ ತುಂಬ ಪ್ರಶಸ್ತಿ, ಎಲ್ಲವೂ ನಾನು ತೊಳೆಯದ ಸೂಜಿಯ ಕೊಳೆ.

ಇದನ್ನು ಓದಿದವರು ನಾನು ಖುಷಿಪಟ್ಟೆ ಎಂದುಕೊಳ್ಳಬಹುದು. ಪಟ್ಟೆ, ಒಂದೈದು ನಿಮಿಷ. ಆಮೇಲೆ ಗಡ್ಡದವನ ನೆನಪಾಯಿತು.

ನಾಲ್ಕು ವರ್ಷದ ಹಿಂದೆ ಕಟ್ಟಕಡೆಯ ಗುಳಿ ಅವನದಾಗಿತ್ತು. ಅವನ ತಳಿ ಹದಿನಾಲ್ಕು, ರಾಜತಳಿ ಇಪ್ಪತ್ತು. ಅವನೂ ಕರಾರಿನವನೇ. ಒಂದು ಸಂಜೆ ನನ್ನ ರೂಮಿಗೆ ಬಂದು, "ಮೇಡಂ, ಒಂದ್ಸಲ ನನ್ನ ಸೀಸೇನ ಮೊದಲು ಇಟ್ಟು ನೋಡ್ತೀರಾ? ಸುಮ್ನೆ, ನೋಡೋಣ ಅಂತ" ಎಂದು ಕೇಳಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅವನ ಮುಖದ ಮೇಲೇ ಹೇಳಿದ್ದೆ. ಅವನು ಕಿವಿ ಕೆಂಪಗೆ ಮಾಡಿಕೊಂಡು ಹೋಗಿದ್ದ. ಅವನ ತಳಿಯನ್ನು ಕುದಿಸಿ ಚೆಲ್ಲಿದರು. ಅವನು ಈಗ ಔಷಧಿ ಅಂಗಡಿಗಳಿಗೆ ಮಾತ್ರೆ ಮಾರುತ್ತ ಅಲೆಯುತ್ತಾನೆ. ಅವನಿಗಿಂತ ಮುಂಚೆ ಇನ್ನಿಬ್ಬರು ಹುಡುಗಿಯರು. ಹೋಗುವ ದಿನ ಅತ್ತಿದ್ದರು. ಅಳುಬುರುಕಿಯರು ಎಂದು ನಾನು ಮನೆಯಲ್ಲಿ ಆಡಿಕೊಂಡು ನಕ್ಕಿದ್ದೆ.

ಬುಧವಾರ, ಗುರುವಾರ ಎರಡು ದಿನ ನಾನು ಬಾಯಿ ಬಿಡಲಿಲ್ಲ. ಕಾರಣ ಸರಿಯಾಗೇ ಹೇಳುತ್ತೇನೆ. ಹೇಳಿದರೆ ಮೊದಲು ಹೋಗುವುದು ನನ್ನ ಕೆಲಸ. ನಿಯಮದ ಪುಸ್ತಕದಲ್ಲಿ ತೊಳೆಯಬೇಕೆಂದು ಬರೆದಿದೆ, ಕೆಳಗೆ ನನ್ನ ಸಹಿಯಿದೆ. ಎರಡನೆಯದು, ನಾದಿನಿಯನ್ನು ಉಳಿಸಲು ಅತ್ತಿಗೆ ಯಂತ್ರ ತಿರುಚಿದಳು ಎಂದು ಉಳಿದ ಏಳು ತಲೆಗಳು ಆಡಿಕೊಳ್ಳುತ್ತವೆ. ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ಸುಮ್ಮನಿದ್ದರೆ ತಿಂಗಳ ಕೊನೆಗೆ ನನ್ನ ಸಣ್ಣ ರೂಮು ನನಗೆ ವಾಪಸ್ ಸಿಗುತ್ತಿತ್ತು.

ಗುರುವಾರ ಸಂಜೆ ಅವಳು ಆ ರೂಮಿನಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಬಾಗಿಲಲ್ಲಿ ನಿಂತು, "ಮೀಟಿಂಗೇ ಆಗಿಲ್ಲ, ಗಂಟುಮೂಟೆ ಕಟ್ತಾ ಇದ್ದೀಯಲ್ಲೇ" ಎಂದೆ.

"ಅಂಕಿ ಬಂದಾಯ್ತಲ್ಲ ಅತ್ತಿಗೆ."

"ನಿನ್ನ ಫ್ಲಾಸ್ಕು ಘಮ್ಮಂತ ಇರುತ್ತೆ. ಅವರದು ಹುಳಿ ಹುಳಿ. ಅದು ನಿನಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ನಂಗೂ ಮೊದ್ಲು ಅನುಮಾನ ಬಂತು. ಬೇರೆ ಯಾರಾದ್ರೂ ಆ ಯಂತ್ರ ನಡೆಸ್ತಿದ್ರೆ ಜಗಳಾನೇ ಆಡ್ತಿದ್ದೆ." ಅವಳು ಪೆಟ್ಟಿಗೆಯ ಮೇಲೆ ಕೂತು ಟೇಪು ಎಳೆದಳು. "ನೀವು ಮನೇಲಿ ಒಂದು ಲೋಟ ಎರಡು ಸಲ ತೊಳಿಯೋರು. ನಿಮ್ಮ ಕೈಯಲ್ಲಿ ತಪ್ಪಾಗಲ್ಲ. ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡೆ. ನಮ್ಮದು ಅಂತ ಮಮತೆ ಇದ್ರೆ ವಾಸನೇನೂ ಜಾಸ್ತಿ ಬರುತ್ತೇನೋ."

ಹನ್ನೊಂದು ವರ್ಷದಲ್ಲಿ ನನಗೆ ಅಷ್ಟು ಕೆಟ್ಟದಾಗಿ ಯಾರೂ ಬೈದಿರಲಿಲ್ಲ. ಅವಳು ಬೈದದ್ದೂ ಅಲ್ಲ. ಬೆಳಗಾದರೆ ಹೋಗಿ ಹೇಳಿಬಿಡುವುದು ಎಂದು ನಾನು ಅಲ್ಲೇ, ಆ ಬಾಗಿಲಲ್ಲೇ ತೀರ್ಮಾನ ಮಾಡಿದೆ.

ಶುಕ್ರವಾರ ಮೀಟಿಂಗಿಗೆ ಒಂದು ಗಂಟೆ ಮೊದಲು ಕರ್ಚೀಫಿನ ರೂಮಿಗೆ ಹೋದೆ. ಅವರು ಟೇಬಲ್ಲಿನ ಮೇಲೆ ಬಿಸಿನೀರಿನ ಬಟ್ಟಲಿಟ್ಟುಕೊಂಡು ಆವಿ ತೆಗೆದುಕೊಳ್ಳುತ್ತಿದ್ದರು.

"ಏನಮ್ಮಾ?"

ಎರಡು ಕಾಗದ ಮುಂದಿಟ್ಟೆ. "ಇದು ನಿಮ್ಮ ರಾಜತಳಿ ಸರ್, ನಲವತ್ತು. ಇದು ಬರೀ ಎಣ್ಣೆ, ಅದೂ ನಲವತ್ತು." ಮೂರನೆಯದನ್ನೂ ಇಟ್ಟೆ. "ಇದು ಸೂಜಿ ತೊಳೆದು ಓಡಿಸಿದ ರಾಜತಳಿ."

ಈ ಮನುಷ್ಯನನ್ನು ನಾನು ದಡ್ಡ ಎಂದುಕೊಂಡಿದ್ದೆ. ಅದು ನನ್ನ ದಡ್ಡತನ. ಎಂಟು ಜನಕ್ಕೆ ಎಂಟು ವಾರ ಹಿಡಿಯುತ್ತಿದ್ದುದನ್ನು ಅವರು ಮೂರು ಉಸಿರಿನಲ್ಲಿ ಓದಿದರು. ಟವೆಲಿನಿಂದ ಮುಖ ಒರೆಸಿಕೊಂಡು, ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಎಷ್ಟು ದಿನದಿಂದ?"

"ನಾನು ಬಂದಾಗಿಂದ. ಹನ್ನೊಂದು ವರ್ಷ."

"ಯಾರಿಗೆ ಹೇಳಿದ್ದೀರಿ?"

"ನಿಮಗೇ ಮೊದಲು."

"ಒಳ್ಳೇದು" ಎಂದರು. ಬಿಸಿನೀರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ನಾನು ಅವರು ಕುಸಿಯುವುದನ್ನು ನೋಡಲು ಕಾಯುತ್ತಿದ್ದೆ. ಸುಳ್ಳೇಕೆ, ಅದಕ್ಕಾಗಿ ಆಸೆಯಿಂದಲೇ ಕಾಯುತ್ತಿದ್ದೆ. ಅವರು ಕುಸಿಯಲಿಲ್ಲ. ಲೆಕ್ಕ ಹಾಕಿದರು.

"ನೋಡಿ ಅಮ್ಮಾ. ಹನ್ನೊಂದು ವರ್ಷ ಅನ್ನೋ ಮಾತು ಈ ರೂಮಿನಿಂದ ಆಚೆ ಹೋದ್ರೆ ಮೊದಲು ನೀವು ಹೋಗ್ತೀರಿ. ಆಮೇಲೆ ನಾನು. ಆಮೇಲೆ ಸೋಪಿನೋರು. ಅವರ ಹಿಂದೇನೇ ಆ ಟ್ಯಾಂಕೂ ಲಾರಿ ಹತ್ತುತ್ತೆ. ನಿಮ್ಮ ನಾದಿನಿ ತಳಿ ಒಳ್ಳೇದೇ, ಒಪ್ತೀನಿ. ಅದನ್ನ ಎಲ್ಲಿ ಹಾಕ್ತೀರಿ? ನಿಮ್ಮ ಮನೆ ಬಕೆಟ್ಟಿಗಾ?"

ನಾನು ಮೂರೂ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದೆ.

"ಹನ್ನೊಂದು ವರ್ಷ ಅಲ್ಲ, ಈ ತಿಂಗಳು ಅನ್ನೋಣ." ಅವರು ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದರು. ಅಕ್ಷರ ಮುತ್ತಿನಂತಿತ್ತು. "ಈ ತಿಂಗಳು ಸೂಜಿ ಕೆಟ್ಟಿತ್ತು, ಮೊದಲ ಸೀಸೆಯ ಅಂಕಿ ಮಾತ್ರ ತಪ್ಪಾಯ್ತು, ಪತ್ತೆ ಹಚ್ಚಿ ಸರಿಪಡಿಸಲಾಗಿದೆ. ಹಿಂದಿನ ಅಂಕಿಗಳೆಲ್ಲ ಸರಿ ಇವೆ. ಇಷ್ಟಕ್ಕೆ ನೀವು ಸಹಿ ಹಾಕಿ. ನಿಮ್ಮ ನಾದಿನಿ ತಳಿ ಟ್ಯಾಂಕಿಗೆ ಹೋಗುತ್ತೆ. ಅವಳ ಕರಾರು ಎರಡು ವರ್ಷ ಮುಂದೆ ಹೋಗುತ್ತೆ. ಹೆಸರು ಮಾತ್ರ ರಾಜತಳಿ ಎರಡು. ಅಷ್ಟು ಮರ್ಯಾದೆ ಸಂಸ್ಥೆಗೆ ಬೇಕಲ್ವಾ?"

"ಮುಂಚೆ ಇದ್ದೋರು?" ಎಂದೆ.

"ಯಾರು?"

"ಗಡ್ಡದ ಹುಡುಗ. ಅವನಿಗಿಂತ ಮುಂಚೆ ಇಬ್ಬರು ಹುಡುಗೀರು. ಅವರದೂ ಮುಂದಿತ್ತು ಸರ್, ನಿಮ್ಮದಕ್ಕಿಂತ."

ಅವರು ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು. ನಾಟಕವಲ್ಲ, ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. "ಅವರ ತಳಿಗಳು ಈಗ ಎಲ್ಲಿವೆ?" ಎಂದು ಕೇಳಿದರು.

"ಕುದಿಸಿ ಚೆಲ್ಲಿದ್ವಿ."

"ಮತ್ತೆ? ಇಲ್ಲದೇ ಇರೋದಕ್ಕೆ ಇರೋದನ್ನ ಹಾಳುಮಾಡ್ತೀರಾ?" ಪೆನ್ನನ್ನು ನನ್ನ ಕಡೆ ತಿರುಗಿಸಿ ಇಟ್ಟರು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಅವರನ್ನು ಕೋತಿ ಎಂದು ಬೈದುಕೊಂಡು ಬಿಡಬಹುದಿತ್ತು. ಆದರೆ ಇಲ್ಲಿ ಮೇಕೆಯೂ ಹನ್ನೊಂದು ವರ್ಷ ತಿಂದಿತ್ತು. ಹೊರಗೆ ಕಾರಿಡಾರಿನಲ್ಲಿ ಎಂಟು ಜನ ಮೀಟಿಂಗಿಗೆಂದು ಸೇರುವ ಸದ್ದು ಕೇಳುತ್ತಿತ್ತು. ಅದರಲ್ಲಿ ನಾದಿನಿಯ ದನಿಯೂ ಇತ್ತು. ಯಾರಿಗೋ ಶೀತಪೆಟ್ಟಿಗೆಯ ಯಾವ ಅರೆಯಲ್ಲಿ ಏನಿದೆ, ಯಾವುದನ್ನು ಮೊದಲು ಕುದಿಸಬೇಕು ಎಂದು ವಿವರಿಸುತ್ತಿದ್ದಳು. ತನ್ನದನ್ನೇ. ಅಷ್ಟು ಅಚ್ಚುಕಟ್ಟು.

ಸಹಿ ಹಾಕಿದೆ.

ಮೀಟಿಂಗಿನಲ್ಲಿ ಕರ್ಚೀಫು ಆ ಹಾಳೆಯನ್ನು ಗಟ್ಟಿಯಾಗಿ ಓದಿ, ತಪ್ಪು ಒಪ್ಪಿಕೊಳ್ಳುವ ಧೈರ್ಯ ವಿಜ್ಞಾನದ ಉಸಿರು ಎಂದು ನನ್ನನ್ನು ಹೊಗಳಿದರು. ಎಂಟೂ ಜನ ಚಪ್ಪಾಳೆ ತಟ್ಟಿದರು. ಮೊನ್ನೆಯವರೆಗೆ ರಾಜತಳಿಯ ಫ್ಲಾಸ್ಕಿಗೆ ಕಣ್ಣು ಮುಚ್ಚಿ ತಲೆದೂಗಿದವರೇ ಈಗ ನಾದಿನಿಯ ಫ್ಲಾಸ್ಕು ಮೂಸಿ "ನಾವು ಆವಾಗ್ಲೇ ಅಂದ್ಕೊಂಡಿದ್ವಿ" ಎಂದರು. ಅವಳ ಪಕ್ಕದಲ್ಲಿ ಕೂತಿದ್ದವನೊಬ್ಬ ರಾಜತಳಿ ಎರಡು ಎಂಬ ಹೆಸರಿನಲ್ಲೇ ಒಂದು ಗಾಂಭೀರ್ಯವಿದೆ ಎಂದ. ಅವನ ಮುಖಕ್ಕೆ ಉಗಿಯಬೇಕೆನಿಸಿತು.

ಮುಂದಿನ ವಾರ ಟ್ಯಾಂಕಿಗೆ ನಾದಿನಿಯ ಯೀಸ್ಟು ಹೋಯಿತು. ನಾಲ್ಕನೆಯ ದಿನ ಶೆಡ್ಡಿನ ಬಾಗಿಲು ತೆಗೆದರೆ ಸೈಕಲ್ ಸ್ಟ್ಯಾಂಡಿನವರೆಗೂ ಬೇರಿನ ಪರಿಮಳ ಹಬ್ಬಿತ್ತು. ಒಣ ಮರದ್ದು, ಒದ್ದೆ ಮಣ್ಣಿನದು, ಒಂದಿಷ್ಟು ಖಾರ. ಕಾವಲಿನವನು ಯಾರ ಹತ್ತಿರವೂ ಕೇಳದೆ ಮೂಗೆಳೆದುಕೊಂಡು "ಆಹಾ" ಎಂದ. ನಮ್ಮ ಸಂಸ್ಥೆಯ ಇತಿಹಾಸದಲ್ಲಿ ಮೊದಲ ಪ್ರಾಮಾಣಿಕ ಅಭಿಪ್ರಾಯ ಅದು. ಕರ್ಚೀಫು ಟ್ಯಾಂಕಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಪಾಪ, ಅವರಿಗೊಬ್ಬರಿಗೇ ಏನೂ ಗೊತ್ತಾಗಲಿಲ್ಲ.

ಆ ರಾತ್ರಿ ಮೂವರೂ ಊಟಕ್ಕೆ ಕೂತಿದ್ದೆವು. ಪೆಟ್ಟಿಗೆಯ ಪುಸ್ತಕಗಳೆಲ್ಲ ಮತ್ತೆ ಹೊರಬಂದು ಸಣ್ಣ ರೂಮು ಮೊದಲಿನಂತೆಯೇ ಆಗಿತ್ತು. ಗಂಡ "ಒಟ್ಟಿನಲ್ಲಿ ಎಲ್ಲ ಒಳ್ಳೇದೇ ಆಯ್ತು" ಎಂದ. ನಾದಿನಿ ಎರಡು ತುತ್ತು ತಿಂದು ನನ್ನ ಕಡೆ ತಿರುಗಿದಳು.

"ಅತ್ತಿಗೆ, ಒಂದು ಕೇಳ್ಲಾ? ಆ ಸೂಜಿ ಈ ತಿಂಗಳು ಮಾತ್ರ ಹಾಗಾಗಿದ್ದಾ?"

ಇಲ್ಲ, ಹನ್ನೊಂದು ವರ್ಷದಿಂದ ಅನ್ನಬಹುದಿತ್ತು. ಅವಳ ಎರಡು ವರ್ಷ ಆ ಹಾಳೆಯ ಮೇಲೆ ನಿಂತಿತ್ತು. ನಿಜ ಗೊತ್ತಾದರೆ ಅವಳು ಒಂದು ದಿನವೂ ಸುಮ್ಮನಿರುವವಳಲ್ಲ. ನನ್ನ ಕೆಲಸವೂ ಆ ಹಾಳೆಯ ಮೇಲೇ ನಿಂತಿತ್ತು ಅನ್ನುವುದನ್ನು ಬಿಟ್ಟು ಹೇಳಿದರೆ ಮತ್ತೆ ಸುಳ್ಳಾಗುತ್ತದೆ.

"ಹೂಂ. ಈ ತಿಂಗಳು ಮಾತ್ರ."

"ನಾನೂ ಹಾಗೇ ಹೇಳ್ದೆ" ಎಂದಳು ಹಗುರಾಗಿ. "ಮಧ್ಯಾಹ್ನ ಒಬ್ರು ಫೋನ್ ಮಾಡಿದ್ರು. ನನಗಿಂತ ಮುಂಚೆ ನಮ್ಮಲ್ಲಿ ಇದ್ರಂತಲ್ಲ, ಗಡ್ಡ ಬಿಟ್ಟಿದ್ದೋರು. ಎಲ್ಲಿಂದಲೋ ಸುದ್ದಿ ಕೇಳಿದ್ರಂತೆ. ನಂದೂ ಹಾಗೇ ಆಗಿತ್ತೇನಮ್ಮಾ, ಒಂದ್ಸಲ ಕೇಳಿ ಹೇಳ್ತೀಯಾ ಅಂದ್ರು."

"ನೀನೇನಂದೆ?"

"ಕೇಳೋದೇ ಬೇಡ ಅಂದೆ. ಹಾಗಿದ್ದಿದ್ರೆ ನಮ್ಮತ್ತಿಗೆ ಮುಚ್ಚಿಡೋರಲ್ಲ ಅಂದೆ." ಅವಳು ನೀರಿನ ಲೋಟಕ್ಕೆ ಕೈ ಚಾಚಿದಳು. "ಅದಕ್ಕವ್ರು, ಹೌದು ಬಿಡು, ಅವ್ರು ನ್ಯಾಯವಾಗಿ ಮುಖದ ಮೇಲೇ ಹೇಳೋರು ಅಂದ್ರು. ನಂಬಿದ್ರು, ಪಾಪ."

ಕರ್ಚೀಫನ್ನು ಬೈಯಲು ಆಮೇಲೆ ನನಗೆ ಬಾಯಿ ಬರಲಿಲ್ಲ.